ನಕಾಶೆ ಕಂಡ ದಾರಿ

ಗೇಟಿನ ಮುಂದೆ ಅಪ್ಪ ನಿಂತುಬಿಟ್ಟರು.

ಗೇಟಿನ ಆ ಕಡೆ ಗೋಧಿ ಹೊಲ. ಮೇ ತಿಂಗಳು. ಪೈರು ಮೊಣಕಾಲೆತ್ತರ ಬಂದಿತ್ತು, ಇನ್ನೂ ತೆನೆ ಬಿಟ್ಟಿರಲಿಲ್ಲ. ಹೊಲದ ಒಳಗೆ ಒಂದು ಕಾಲುದಾರಿ ಹೋಗಿತ್ತು. ಬದುವಿನ ಪಕ್ಕದಲ್ಲಲ್ಲ, ಪೈರಿನ ನಟ್ಟನಡುವೆ, ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ. ಗೇಟಿನ ಕಂಬಕ್ಕೆ ಅಂಗೈಯಗಲದ ದುಂಡನೆ ಬಿಲ್ಲೆ ಹೊಡೆದಿದ್ದರು. ಅದರಲ್ಲಿ ಒಂದು ಹಳದಿ ಬಾಣ.

"ಯಾರದವ್ವ ಈ ಹೊಲ?"

"ಗೊತ್ತಿಲ್ಲ ಅಪ್ಪ."

"ಒಂದ್ ಮಾತು ಕೇಳ್ಬುಟ್ಟು ಹೋಗದಲ್ವಾ?"

"ಕೇಳೋದು ಬೇಡ. ಇದು ದಾರಿ."

"ಪೈರು ನಿಂತದೆ ಕಣವ್ವ. ಪೈರು ನಿಂತಿರೋ ಹೊಲದಲ್ಲಿ ದಾರಿ ಎಲ್ಲಿಂದ ಬಂತು?"

ಅಪ್ಪನಿಗೆ ಎಪ್ಪತ್ತು ದಾಟಿದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರುಗಂಟಿಯಾಗಿದ್ದವರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ರಾತ್ರಿ ಟಾರ್ಚ್ ಹಿಡಿದು ಏರಿ ಮೇಲೆ ನಡೆಯುವುದು. ಮೂವತ್ತು ವರ್ಷ ಇದೇ ಕೆಲಸ. ಒಬ್ಬರ ಬದು ಮುರಿದು ಇನ್ನೊಬ್ಬರು ನೀರು ಹಾಯಿಸಿಕೊಂಡರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಗಾಡಿ ದಾರಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿದ್ದಾರೆ. ಬೇರೆಯವರ ಪೈರಿನೊಳಗೆ ಕಾಲಿಡು ಅಂದರೆ ಅಂಥವರ ಕಾಲು ಹೇಗೆ ಎದ್ದೀತು?

ನಾನು ಬ್ಯಾಗಿನಿಂದ ನಕ್ಷೆ ತೆಗೆದೆ. ನಮ್ಮಲ್ಲಿ ಸರ್ವೆ ಇಲಾಖೆ ಇದ್ದ ಹಾಗೆ ಇಲ್ಲಿ ಇಂಗ್ಲೆಂಡಿನಲ್ಲಿ ಆರ್ಡ್ನೆನ್ಸ್ ಸರ್ವೆ ಅಂತ ಇದೆ. ಇಡೀ ದೇಶವನ್ನು ಹಾಳೆ ಹಾಳೆಯಾಗಿ ಅಳೆದು ಅಚ್ಚು ಹಾಕಿ ಅಂಗಡಿಯಲ್ಲಿ ಮಾರುತ್ತಾರೆ. ನಾವು ನಿಂತಿದ್ದ ಜಾಗ ಎಕ್ಸ್‌ಪ್ಲೋರರ್ 203ನೇ ಹಾಳೆಯಲ್ಲಿ ಬರುತ್ತದೆ. ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಪ್ರತಿ ಹೊಲದ ಬೇಲಿಯೂ ಅದರಲ್ಲಿ ಕಾಣುತ್ತದೆ. ಅದರ ಮೇಲೆ ಹಸಿರು ಬಣ್ಣದ ತುಂಡು ತುಂಡು ಗೆರೆಗಳು. ಆ ಹಸಿರು ಗೆರೆ ಎಲ್ಲಿದೆಯೋ ಅಲ್ಲಿ ಯಾರು ಬೇಕಾದರೂ ನಡೆಯಬಹುದು. ಹೊಲ ಯಾರದ್ದೇ ಆಗಿರಲಿ.

ಅಪ್ಪ ಕನ್ನಡಕ ಹಾಕಿಕೊಂಡರು. ಗೇಟಿನ ಮೇಲೆ ಹಾಳೆ ಹರಡಿ, ಬೆರಳಿಟ್ಟು, ನದಿ ಹುಡುಕಿದರು. ಅವರು ಯಾವ ನಕ್ಷೆ ಕೊಟ್ಟರೂ ಮೊದಲು ನೀರು ಹುಡುಕುತ್ತಾರೆ. ನೀರು ಸಿಕ್ಕಿತು. ಸೇತುವೆ ಸಿಕ್ಕಿತು. ಅಲ್ಲಿಂದ ಹಸಿರು ಗೆರೆ ಹಿಡಿದು ಬಂದು, ನಾವು ನಿಂತ ಜಾಗಕ್ಕೆ ಬೆರಳು ಒತ್ತಿದರು.

"ನಕಾಶೆ ಕಂಡ ದಾರಿ ಅನ್ನು ಮತ್ತೆ," ಅಂದರು. ಗೇಟು ತೆಗೆದು ಒಳಗೆ ನಡೆದರು.

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಆರು ವರ್ಷದಿಂದ ಈ ದಾರಿಗಳಲ್ಲಿ ನಡೆಯುತ್ತಿದ್ದೇನೆ. ಇವಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ತಿಳಿಯದೆ ಸುಮ್ನೆ 'ಫುಟ್‌ಪಾತ್' ಅಂತಲೇ ಬರೆಯುತ್ತಿದ್ದೆ. ನಮ್ಮ ಕಂದಾಯ ಕಚೇರಿಯಲ್ಲಿ ಅದಕ್ಕೆ ಹೆಸರು ಯಾವತ್ತಿನಿಂದಲೋ ಇದೆ. ಗ್ರಾಮ ನಕಾಶೆಯಲ್ಲಿ ಗೆರೆ ಬಿದ್ದಿದ್ದರೆ ನಕಾಶೆ ಕಂಡ ದಾರಿ. ಗೆರೆ ಇಲ್ಲದಿದ್ದರೂ ಹಿಂದಿನಿಂದ ಜನ ಓಡಾಡಿಕೊಂಡು ಬಂದಿದ್ದರೆ ರೂಢಿ ದಾರಿ. ಇಂಗ್ಲೆಂಡಿನಲ್ಲೂ ಇರುವುದು ಇವೆರಡೇ. 1949ರ ಕಾಯ್ದೆಯೊಂದು ಪ್ರತಿ ಕೌಂಟಿಯೂ, ಅಂದರೆ ಜಿಲ್ಲೆಯೂ, ತನ್ನಲ್ಲಿರುವ ಎಲ್ಲ ಕಾಲುದಾರಿಗಳನ್ನು ನಕ್ಷೆಗೆ ಇಳಿಸಬೇಕು ಅಂತ ಹೇಳಿತು. ನಕ್ಷೆಗೆ ಬಂತು ಅಂದರೆ ಅದೇ ಸಾಕ್ಷಿ. ಬರದೇ ಇದ್ದರೆ, ಜನ ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಯಾರ ಅಪ್ಪಣೆಯೂ ಕೇಳದೆ, ಬಹಿರಂಗವಾಗಿ ನಡೆದಿದ್ದಾರೆ ಅಂತ ತೋರಿಸಿ ಸೇರಿಸಬಹುದು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ.

ಊರಿನ ಹೆಸರು ಹೇಳಲಿಲ್ಲ ಅಲ್ವಾ. ಲಡ್ಲೋ. ಶ್ರಾಪ್‌ಶೈರ್‌ನ ದಕ್ಷಿಣ ತುದಿಯಲ್ಲಿ, ವೇಲ್ಸ್ ಗಡಿಯ ಹತ್ತಿರ ಇರುವ ಸಂತೆ ಊರು. ಸುಮಾರು ಹತ್ತು ಸಾವಿರ ಜನ. ನಾನಿರುವ ಶ್ರೂಸ್‌ಬರಿಯಿಂದ ರೈಲಿನಲ್ಲಿ ಅರ್ಧ ಗಂಟೆ. ಗುಡ್ಡದ ನೆತ್ತಿಯ ಮೇಲೆ ಕೋಟೆ, ಕೋಟೆಯ ಮುಂದೆ ಸಂತೆ ಮೈದಾನ, ಅಲ್ಲಿಂದ ಇಳಿಜಾರಿನಲ್ಲಿ ಬೀದಿಗಳು, ಬೀದಿ ಮುಗಿದಲ್ಲಿ ಟೀಮ್ ನದಿ. ನದಿ ಊರನ್ನು ಪಶ್ಚಿಮದಿಂದ ದಕ್ಷಿಣಕ್ಕೆ ತೋಳು ಹಾಕಿದ ಹಾಗೆ ಬಳಸಿ ಹೋಗುತ್ತದೆ. ವೇಲ್ಸಿನ ಬೆಟ್ಟದಲ್ಲಿ ಹುಟ್ಟಿ, ಸುಮಾರು 130 ಕಿಲೋಮೀಟರ್ ಹರಿದು, ವೂಸ್ಟರ್ ಊರಿನ ಕೆಳಗೆ ಸೆವೆರ್ನ್ ನದಿಗೆ ಸೇರುತ್ತದೆ. ಕಾವೇರಿ ಕಂಡವರಿಗೆ ಇದು ಹಳ್ಳ. ಆದರೆ 2007ರ ಜೂನಿನಲ್ಲಿ ಇದಕ್ಕೆ ಸೇರುವ ಕಾರ್ವ್ ಅನ್ನುವ ಇನ್ನೂ ಚಿಕ್ಕ ಹೊಳೆ ಇಲ್ಲಿನ ಒಂದು ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಹೊಳೆ ಚಿಕ್ಕದು ಅಂತ ಯಾರೂ ಸದರ ಮಾಡಿಕೊಳ್ಳಬಾರದು.

ಅಪ್ಪ ಆರು ವಾರಕ್ಕೆ ಬಂದಿದ್ದರು. ಅಮ್ಮ ಹೋದ ಮೇಲೆ ಮೊದಲ ಸಲ. ಮನೆಯಲ್ಲಿ ಕೂತರೆ ಅವರಿಗೆ ಕೈಕಾಲು ಕಟ್ಟಿಹಾಕಿದ ಹಾಗೆ ಆಗುತ್ತಿತ್ತು. ಟಿವಿ ಬೇಡ, ಮಾಲ್ ಬೇಡ. "ಎಲ್ಲಾದ್ರೂ ಹೊಳೆ ಇದ್ರೆ ನಡಿ," ಅಂದರು. ಹಾಗಾಗಿ ಲಡ್ಲೋಗೆ ಮೂರು ಸಲ ಹೋದೆವು.

ಮೊದಲ ಸಲ ಹೋದದ್ದು ಶುಕ್ರವಾರ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಇಲ್ಲಿ ಸಂತೆ. ಪಟ್ಟೆ ಪಟ್ಟೆ ಬಟ್ಟೆಯ ಚಪ್ಪರ ಹಾಕಿಕೊಂಡು ತರಕಾರಿ, ಚೀಸ್, ಬ್ರೆಡ್, ಗಿಡದ ಸಸಿ, ಹಳೇ ಪಾತ್ರೆ ಎಲ್ಲ ಇಟ್ಟಿರುತ್ತಾರೆ. ಅಪ್ಪ ಒಂದು ತರಕಾರಿ ಅಂಗಡಿ ಮುಂದೆ ನಿಂತು, ಕೆಂಪಗೆ ಉದ್ದಕ್ಕೆ ಕಟ್ಟು ಕಟ್ಟಿಟ್ಟಿದ್ದ ದಂಟು ಎತ್ತಿ ನೋಡಿದರು. "ಕೆಸವಿನ ದಂಟಾ?" ಅಲ್ಲ, ಅದು ರೂಬಾರ್ಬ್. ಎಲೆ ವಿಷ, ದಂಟು ಮಾತ್ರ ತಿನ್ನುತ್ತಾರೆ, ಹುಣಸೆಯಷ್ಟು ಹುಳಿ ಅಂದೆ. "ಹುಳಿ ಅದೆ ಅಂದ್ರೆ ಗೊಜ್ಜು ಆಯ್ತದೆ ತಗೋ," ಅಂದರು. ರಾತ್ರಿ ಬೆಲ್ಲ, ಮೆಣಸಿನಪುಡಿ, ಮೆಂತ್ಯ ಹಾಕಿ ಗೊಜ್ಜು ಮಾಡಿದೆ. ಚೆನ್ನಾಗಿಯೇ ಇತ್ತು. ಇಲ್ಲಿರುವ ಕನ್ನಡದವರು ಮಾಡಿ ನೋಡಿ. ಬೆಲ್ಲ ಸ್ವಲ್ಪ ಜಾಸ್ತಿಯೇ ಬೇಕು.

ಸಂತೆಯಿಂದ ಕೋಟೆಯ ಗೋಡೆ ಪಕ್ಕ ಇಳಿದರೆ ಡಿನಮ್ ಸೇತುವೆ ಸಿಗುತ್ತದೆ. 1823ರಲ್ಲಿ ಕಟ್ಟಿದ್ದು. ಸೇತುವೆ ಹತ್ತಿರ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು. ಊರಿನ ಸುತ್ತ ಇಂಥ ಒಡ್ಡುಗಳು ನಾಲ್ಕಾರು ಇವೆ. ಹಿಂದಿನ ಕಾಲದಲ್ಲಿ ಹಿಟ್ಟಿನ ಗಿರಣಿ, ಉಣ್ಣೆ ಬಟ್ಟೆ ಕುಟ್ಟುವ ಗಿರಣಿ ತಿರುಗಿಸಲು ಕಟ್ಟಿದವು. ಗಿರಣಿಗಳು ನಿಂತು ಎಷ್ಟೋ ಕಾಲವಾಯಿತು, ಒಡ್ಡುಗಳು ಇವೆ. ನೀರು ಅದರ ಮೇಲೆ ತೆಳ್ಳಗೆ ಗಾಜಿನ ಹಾಗೆ ಬಾಗಿ, ಕೆಳಗೆ ಬಿದ್ದು ನೊರೆಯಾಗುತ್ತದೆ.

ಅಪ್ಪ ದಡದ ಬೆಂಚಿನ ಮೇಲೆ ಕೂತರು. ಅರ್ಧ ಗಂಟೆ ಏಳಲಿಲ್ಲ. ನಾನು ಕಾಫಿ ತಂದುಕೊಟ್ಟೆ. ಕುಡಿಯುತ್ತಾ ಒಡ್ಡನ್ನೇ ನೋಡುತ್ತಿದ್ದರು.

"ನಮ್ ಹಳೇ ಕಟ್ಟೆಗಳು ಇದ್ದಂಗೇ ಅದೆ. ನೇರ ಕಟ್ಟಿಲ್ಲ ನೋಡು. ನೇರ ಕಟ್ಟಿದ್ರೆ ನೀರು ಹೊಡೆದು ಕಿತ್ತಾಕ್ತದೆ. ಓರೆಯಾಗಿ ಕಟ್ಟಿ ನೀರನ್ನ ಮೆಲ್ಲಕೆ ಪಕ್ಕಕ್ಕೆ ತಿರುಗಿಸ್ತಾರೆ. ಕಟ್ಟಿದೋನು ನೀರು ಬಲ್ಲೋನು."

ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ ಗೊತ್ತಲ್ಲ. ಕಾವೇರಿಯ ನೀರನ್ನು ಕಾವೇರಿಯ ಮೇಲೆಯೇ ದಾಟಿಸಿಕೊಂಡು ಹೋಗುವ ನಾಲೆ. ಅದನ್ನು ಕಟ್ಟಿದವರ ಬಗ್ಗೆಯೂ ಅಪ್ಪ ಇದೇ ದನಿಯಲ್ಲಿ ಮಾತಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ.

ಒಡ್ಡಿನ ಅಂಚಿನ ಒಂದು ಕಲ್ಲಿನ ಮೇಲೆ ಹಕ್ಕಿಯೊಂದು ಬಂದು ಕೂತಿತು. ಗುಂಡು ಗುಂಡಗೆ, ಕಂದು ಬಣ್ಣ, ಎದೆಗೆ ಮಾತ್ರ ಬಿಳೀ ಬಟ್ಟೆ ಕಟ್ಟಿದ ಹಾಗೆ. ಕೂತಲ್ಲೇ ಮಂಡಿ ಬಗ್ಗಿಸಿ ಏಳುತ್ತಿತ್ತು, ಬಗ್ಗಿಸಿ ಏಳುತ್ತಿತ್ತು, ಬಸ್ಕಿ ಹೊಡೆದ ಹಾಗೆ. ಆಮೇಲೆ ಹರಿಯುವ ನೀರಿನೊಳಕ್ಕೆ ನಡೆದುಕೊಂಡೇ ಇಳಿಯಿತು. ಹಾರಲಿಲ್ಲ, ಧುಮುಕಲಿಲ್ಲ, ಮೆಟ್ಟಿಲು ಇಳಿದ ಹಾಗೆ ಇಳಿದು ಮುಳುಗಿತು. ಅಪ್ಪ ಗಾಬರಿಯಾಗಿ ಎದ್ದೇ ನಿಂತರು. ಒಂದು ಮಾರು ಆಚೆ ಅದು ಬಾಯಲ್ಲಿ ಏನೋ ಹುಳ ಹಿಡಿದು ಮೇಲೆ ಬಂತು. ಅದರ ಹೆಸರು ಡಿಪ್ಪರ್. ನೀರಿನ ತಳದಲ್ಲಿ ಕಲ್ಲು ಹಿಡಿದು ನಡೆದು ಹುಳ ಹೆಕ್ಕುವ ಹಕ್ಕಿ. ಈ ನದಿಯಲ್ಲಿ ನೀರುನಾಯಿಯೂ ಇದೆ ಅಂದೆ. ನೀರುನಾಯಿ ಅವರಿಗೆ ಹೊಸದಲ್ಲ, ರಂಗನತಿಟ್ಟಿನ ಕಡೆ ಕಂಡಿದ್ದಾರೆ. ಆ ಹಕ್ಕಿಯನ್ನು ಮಾತ್ರ ಮರೆಯಲೇ ಇಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಹೇಳಿದರು: "ನೀರೊಳಗೆ ನಡೀತದಪ್ಪಾ, ಹಕ್ಕಿ!"

ಸೇತುವೆ ದಾಟಿದರೆ ವಿಟ್‌ಕ್ಲಿಫ್. ನದಿಯ ಆಚೆ ದಡದ ಕಡಿದಾದ ಗುಡ್ಡ. ಅದು ಊರಿನ ಗೋಮಾಳ ಅಂದರೆ ಸರಿಹೋಗುತ್ತದೆ. ಹದಿಮೂರನೇ ಶತಮಾನದಿಂದಲೂ ಊರಿನವರಿಗೆ ಅಲ್ಲಿ ಹಕ್ಕು ಇದೆ. ಕೋಟೆ ಕಟ್ಟಿದ ಬೂದುಬಣ್ಣದ ಕಲ್ಲು ಈ ಗುಡ್ಡದ್ದೇ ಜಾತಿಯದು. ಮೇಲೆ ಹತ್ತಿ ನಿಂತರೆ ಇಡೀ ಊರು ಕಾಣುತ್ತದೆ. ಎಡಗಡೆ ಕೋಟೆ, ಮಧ್ಯೆ ಸೇಂಟ್ ಲಾರೆನ್ಸ್ ಚರ್ಚಿನ ಎತ್ತರದ ಗೋಪುರ, ಹಿಂದೆ ದೂರದಲ್ಲಿ 533 ಮೀಟರ್ ಎತ್ತರದ ಟಿಟರ್‌ಸ್ಟೋನ್ ಕ್ಲೀ ಬೆಟ್ಟ. ಆ ಚರ್ಚಿನ ಗೋಡೆ ಪಕ್ಕದಲ್ಲಿ ಕವಿ ಹೌಸ್‌ಮನ್‌ನ ಚಿತಾಭಸ್ಮ ಇದೆ. 1936ರಲ್ಲಿ ತೀರಿಕೊಂಡವನು. ಈ ಸೀಮೆಯಲ್ಲಿ ಹುಟ್ಟಿದವನಲ್ಲ, ಆದರೆ ಈ ಬೆಟ್ಟಗಳ ಬಗ್ಗೆ ಬರೆದೇ ಹೆಸರಾದ.

ಗುಡ್ಡದ ಬುಡದಲ್ಲಿ, ನೀರಿನ ಪಕ್ಕದಲ್ಲೇ, ಡಿನಮ್ ಸೇತುವೆಯಿಂದ ಲಡ್‌ಫರ್ಡ್ ಸೇತುವೆಯವರೆಗೆ ಒಂದು ದಾರಿ ಹೋಗುತ್ತದೆ. ಒಂದು ಕಡೆ ಬಂಡೆ, ಒಂದು ಕಡೆ ಹೊಳೆ. ಮೇ ತಿಂಗಳಲ್ಲಿ ಅದರ ಉದ್ದಕ್ಕೂ ಕಾಡು ಬೆಳ್ಳುಳ್ಳಿ ಬಿಳಿ ಹೂ ಬಿಟ್ಟಿರುತ್ತದೆ. ಒಗ್ಗರಣೆ ಹಾಕಿದ ಅಡುಗೆಮನೆಯೊಳಗೆ ನಡೆದ ಹಾಗೆ ಇರುತ್ತದೆ ವಾಸನೆ. ಈ ದಾರಿಗೆ ಬ್ರೆಡ್ ವಾಕ್ ಅಂತ ಹೆಸರು. ಯಾಕೆ ಅಂತ ಅಪ್ಪ ಕೇಳಿದರು.

ಊರಿನವರು ಹೇಳುವ ಕಥೆ ಇದು. 1850ರ ಹೊತ್ತಿಗೆ ಲಡ್ಲೋದಲ್ಲಿ ಕೆಲಸ ಇಲ್ಲದವರು ಬಹಳ ಜನ. ಅವರಿಗೆ ಕೆಲಸ ಕೊಡಬೇಕು ಅಂತ ಈ ದಾರಿ ಮಾಡಿಸಿದರು. ಆದರೆ ದುಡ್ಡು ಕೊಟ್ಟರೆ ಹೆಂಡದಂಗಡಿಗೆ ಹೋಗುತ್ತದೆ ಅಂತ ಕೂಲಿಯನ್ನು ಬ್ರೆಡ್ಡಿನಲ್ಲೇ ಕೊಟ್ಟರು. ಕಲ್ಲು ಒಡೆದು, ಬಂಡೆ ಕೆತ್ತಿ, ಸಂಜೆ ಬ್ರೆಡ್ ಹಿಡಿದು ಮನೆಗೆ ಹೋದವರ ದಾರಿ.

ಅಪ್ಪ ನಡೆಯುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಅಂದರು, "ಕೂಲಿಗಾಗಿ ಕಾಳು."

ನಮ್ಮದು ಪಾಂಡವಪುರ ತಾಲೂಕು, ಮೇಲುಕೋಟೆ ಬೆಟ್ಟದ ಕಡೆ. ಅಪ್ಪ ನಾಲೆ ಕೆಲಸಕ್ಕೆ ಸೇರಿದ್ದು ಆಮೇಲೆ. ಊರಿನ ಹೊಲಗಳೆಲ್ಲ ಮಳೆ ನಂಬಿದವು. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ಊರಿನ ದಾರಿಗೆ ಮಣ್ಣು ಹಾಕಿಸುವ ಕೆಲಸ ಬಂತಂತೆ. ಅಪ್ಪನೂ ಅಜ್ಜಿಯೂ ಇಬ್ಬರೂ ಹೋದರು. ಅಪ್ಪ ಅಗೆಯೋದು, ಅಜ್ಜಿ ಬಾಂಡಲಿ ಹೊರೋದು. ಕೂಲಿ ಅಂತ ಗೋಧಿ ಕೊಟ್ಟರು. ರಾಗಿ ತಿನ್ನುವ ಮನೆ. ಹಬ್ಬಕ್ಕೆ ಒಂದು ಹಿಡಿ ಪಾಯಸಕ್ಕೆ ಬಿಟ್ಟರೆ ಗೋಧಿ ಕಂಡವರಲ್ಲ. ಅಜ್ಜಿ ಅದನ್ನು ರಾಗಿಕಲ್ಲಿನಲ್ಲೇ ಬೀಸಿ, ರಾಗಿಯ ಹಾಗೆಯೇ ಕುದಿಯುವ ನೀರಿಗೆ ಸುರಿದು, ಮುದ್ದೆ ತಿರುವಲು ಹೋದಳು. ಕೋಲಿಗೆ ಅಂಟಿ ಬರಲಿಲ್ಲ. ಅಂಟಂಟಾಗಿ ಪಾತ್ರೆಯಲ್ಲೇ ಕೂತಿತು.

"ನಮ್ಮವ್ವ ಆವತ್ತು ಅತ್ತುಬಿಡ್ತು," ಅಂದರು ಅಪ್ಪ. "ಹಸಿವಿಗಲ್ಲ ಕಣವ್ವ. ಊಟಕ್ಕಿತ್ತು. ಹತ್ತು ದಿನ ಮಣ್ಣು ಹೊತ್ತು ತಂದಿದ್ದು ಹಿಂಗಾಯ್ತಲ್ಲ ಅಂತ."

ನಾನು ಅಜ್ಜಿಯ ಜೊತೆ ಹದಿನೈದು ವರ್ಷ ಬೆಳೆದವಳು. ಈ ಕಥೆ ಕೇಳಿರಲೇ ಇಲ್ಲ. ಬ್ರೆಡ್ ವಾಕ್‌ನಲ್ಲಿ ನೂರು ಸಲ ನಡೆದಿದ್ದೇನೆ. ಕೂಲಿಯವರ ಬಗ್ಗೆ ಅಯ್ಯೋ ಪಾಪ ಅಂದುಕೊಂಡಿದ್ದೇನೆಯೇ ಹೊರತು, ನಮ್ಮ ಅಜ್ಜಿಯೂ ಅಂಥ ಒಂದು ದಾರಿ ಮಾಡಿದವಳು ಅಂತ ಗೊತ್ತಿರಲಿಲ್ಲ. ನಮ್ಮ ಊರಿನ ಆ ದಾರಿಗೆ ಹೆಸರಿಲ್ಲ. ಈಗ ಟಾರು ಬಿದ್ದು ಬಸ್ಸು ಓಡಾಡುತ್ತದೆ. ಅದಕ್ಕೂ ಒಂದು ಹೆಸರು ಇರಬೇಕಿತ್ತು ಅಂತ ಆವತ್ತಿನಿಂದ ಅನ್ನಿಸುತ್ತಿದೆ. ದಾರಿಗೆ ಶಾಸಕರ ಹೆಸರು, ದೊರೆಯ ಹೆಸರು ಇಡುವುದು ಎಲ್ಲ ಕಡೆ ಇದ್ದದ್ದೇ. ಮಾಡಿದವರು ತಿಂದ ಅನ್ನದ ಹೆಸರು ಹೊತ್ತ ದಾರಿ ಎಷ್ಟಿದ್ದಾವು?

ಬ್ರೆಡ್ ವಾಕ್ ಮುಗಿಯುವಲ್ಲಿ ಲಡ್‌ಫರ್ಡ್ ಸೇತುವೆ. ಹದಿನೈದನೇ ಶತಮಾನದ ಕಲ್ಲು ಸೇತುವೆ, ಇವತ್ತಿಗೂ ವಾಹನ ಹೋಗುತ್ತವೆ. ಅದರ ಪಕ್ಕದ ರಸ್ತೆ ತಿರುವಿನಲ್ಲಿ ಬಂಡೆಯ ಬುಡ ತೆರೆದುಕೊಂಡಿದೆ. ಯಾರೂ ನಿಂತು ನೋಡದಂಥ ಮೂಲೆ. ಆದರೆ ಪ್ರಪಂಚದ ಭೂವಿಜ್ಞಾನಿಗಳೆಲ್ಲ ಬಂದು ಹೋಗುವ ಜಾಗ ಅದು. ಬೂದು ಕಲ್ಲಿನ ಪದರಗಳ ನಡುವೆ ಬೆರಳಗಲ, ಕೆಲವು ಕಡೆ ಅಷ್ಟೂ ಇಲ್ಲದ, ಶುಂಠಿ ಬಣ್ಣದ ಒಂದು ಗೆರೆ ಇದೆ. ಗಟ್ಟಿ ಕಲ್ಲಲ್ಲ, ಪುಡಿ ಪುಡಿ. ಹತ್ತಿರ ಹೋಗಿ ನೋಡಿದರೆ ಸಣ್ಣ ಸಣ್ಣ ಹೊಳೆಯುವ ಕಪ್ಪು ಚೂರುಗಳು. ಅವು ಮೀನಿನ ಹುರುಪೆ, ಮುಳ್ಳು. 42 ಕೋಟಿ ವರ್ಷದ ಹಿಂದಿನವು. ಆಗ ಈ ಜಾಗ ಭೂಮಧ್ಯರೇಖೆಯ ದಕ್ಷಿಣಕ್ಕೆ, ಬೆಚ್ಚನೆಯ ಸಮುದ್ರದ ತಳದಲ್ಲಿತ್ತು. 1830ರ ದಶಕದಲ್ಲಿ ಮರ್ಚಿಸನ್ ಅನ್ನುವವನು ಈ ಸೀಮೆಯ ಬಂಡೆಗಳನ್ನು ಓದಿ ಆ ಕಾಲಕ್ಕೆ ಸೈಲೂರಿಯನ್ ಅಂತ ಹೆಸರಿಟ್ಟ. ಅದರೊಳಗಿನ ಒಂದು ಭಾಗಕ್ಕೆ ಇವತ್ತಿಗೂ ಇಡೀ ಪ್ರಪಂಚದಲ್ಲಿ ಲಡ್ಲೋ ಅಂತಲೇ ಹೆಸರು. ಇದೇ ಪದರದಲ್ಲಿ, ಮರಳಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಜೇಡದ ದಾಯಾದಿಯಂಥ ಜೀವಿಯೂ ಸಿಕ್ಕಿದೆ. ನೆಲದ ಮೇಲೆ ನಡೆದ ಪ್ರಾಣಿಗಳಲ್ಲಿ ತೀರಾ ಹಳೆಯವುಗಳ ಸಾಲಿಗೆ ಅದು ಸೇರುತ್ತದೆ.

ಅಪ್ಪ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ದೇವರ ಗುಡಿ ಬಾಗಿಲಲ್ಲಿ ಬಗ್ಗಿದ ಹಾಗೆ ಬಗ್ಗಿ ನೋಡಿದರು. ಒಳ್ಳೆಯದೇ ಆಯಿತು. ಹಿಂದೆ ಎಷ್ಟೋ ಜನ ಸುತ್ತಿಗೆಯಲ್ಲಿ ಕೆರೆದು ಕೆರೆದು ಅಲ್ಲಿ ಗುಹೆಯ ಹಾಗೆ ಒಳಕ್ಕೆ ಹೋಗಿದೆ. ಈಗ ಕಾನೂನಿನ ರಕ್ಷಣೆ ಇದೆ.

ಸೇತುವೆ ದಾಟಿ ಬ್ರಾಡ್ ಸ್ಟ್ರೀಟ್ ಹತ್ತಿದರೆ ಹಳೇ ಊರಬಾಗಿಲು ಬ್ರಾಡ್ ಗೇಟ್. ಊರಿಗಿದ್ದ ಏಳು ಬಾಗಿಲಲ್ಲಿ ಇದೊಂದೇ ಹೆಚ್ಚು ಕಡಿಮೆ ಪೂರ್ತಿಯಾಗಿ ಉಳಿದಿರುವುದು. ಅದರ ಕೆಳಗೆ ಹಾದು, ಮತ್ತೆ ಸಂತೆಗೆ. ಒಂದು ಸುತ್ತು ಬರಲು ಒಂದು ಗಂಟೆ ಸಾಕು. ನಮಗೆ ಮೂರು ಗಂಟೆ ಹಿಡಿಯಿತು.

ಎರಡನೇ ಸಲ ಕೋಟೆಗೇ ಹೋದೆವು. ಅದಕ್ಕೂ ಮುಂಚಿನ ಭಾನುವಾರ ಅವರನ್ನು ವೇಲ್ಸ್ ಗಡಿಯ ಪೋವಿಸ್ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಟಿಪ್ಪುವಿನ ಡೇರೆ ಇದೆ, ಸಿಂಹಾಸನದ ಚಿನ್ನದ ಹುಲಿತಲೆಯೊಂದು ಇದೆ. ಬಿಳೀ ಬಟ್ಟೆಯ ಮೇಲೆ ಕೆಂಪು ಹಸಿರು ಹೂವಿನ ಡೇರೆ. ಅಪ್ಪ ಅದರ ಮುಂದೆ ನಿಂತು ಹೇಳಿದ್ದು ಒಂದೇ ಮಾತು. "ಬಣ್ಣ ಇನ್ನೂ ಹಂಗೇ ಅದೆ." ರೈಲಿನಲ್ಲಿ ಪೂರ್ತಿ ಕಿಟಕಿ ಆಚೆ ನೋಡುತ್ತಾ ಕೂತರು. ಶ್ರೀರಂಗಪಟ್ಟಣಕ್ಕೂ ನಮ್ಮ ಊರಿಗೂ ಎಷ್ಟು ದೂರ ಹೇಳಿ? ಅವರು ಚಿಕ್ಕಂದಿನಲ್ಲಿ ಜಾತ್ರೆಗೆ ಅಂತ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಊರು ಅದು.

ಲಡ್ಲೋ ಕೋಟೆಗೂ ಆ ಪೋವಿಸ್ ಕೋಟೆಯ ಮನೆತನಕ್ಕೂ ನಂಟಿದೆ. ಕೋಟೆ ಶುರುವಾದದ್ದು ಹನ್ನೊಂದನೇ ಶತಮಾನದ ಕೊನೆಯಲ್ಲಿ. ಏಳನೇ ಹೆನ್ರಿಯ ಹಿರಿಯ ಮಗ ಆರ್ಥರ್ 1502ರಲ್ಲಿ ಇಲ್ಲೇ ಹದಿನೈದನೇ ವಯಸ್ಸಿಗೆ ತೀರಿಕೊಂಡ. ಹಾಗಾಗಿ ಪಟ್ಟ ತಮ್ಮ ಎಂಟನೇ ಹೆನ್ರಿಗೆ ಹೋಯಿತು. 1689ರ ನಂತರ ಕೋಟೆಗೆ ಕೆಲಸವಿಲ್ಲದೆ ಮಾಡು ಬಿತ್ತು, ಗೋಡೆ ಬಿದ್ದವು. ಕೆಡವಿಬಿಡೋಣ ಅನ್ನುವ ಮಾತೂ ಬಂತು. ಆಗ, 1770ರ ದಶಕದ ಶುರುವಿನಲ್ಲಿ, ಪೋವಿಸ್ ಮನೆತನ ಅದನ್ನು ಗುತ್ತಿಗೆಗೆ ಪಡೆಯಿತು. ಆ ಮನೆಯ ಕೌಂಟೆಸ್ ಬಾರ್ಬರಾ ಕೋಟೆಯ ಸುತ್ತ ಜಲ್ಲಿ ಹಾಕಿಸಿ, ಮರ ನೆಡಿಸಿ, ಊರಿನವರು ನಡೆಯಲಿ ಅಂತ ದಾರಿ ಮಾಡಿಸಿದಳು. ಇವತ್ತು ಕೋಟೆಯ ಗೋಡೆಗೂ ನದಿಗೂ ನಡುವೆ ನಾವು ನಡೆಯುವುದು ಆ ದಾರಿಯಲ್ಲೇ.

ಬಾರ್ಬರಾಳ ಮಗಳು ಹೆನ್ರಿಯೆಟ್ಟಾ. ಅವಳು ಮದುವೆಯಾದದ್ದು ಎಡ್ವರ್ಡ್ ಕ್ಲೈವ್‌ನನ್ನು. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ. ಎಡ್ವರ್ಡ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಕುರ್ಚಿಯಲ್ಲಿ ಕೂತಿದ್ದವನು. ಮರುವರ್ಷ ಹೆನ್ರಿಯೆಟ್ಟಾ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದ್ರಾಸಿನಿಂದ ಹೊರಟಳು. ವೆಲ್ಲೂರು, ಬೆಂಗಳೂರು, ಶ್ರೀರಂಗಪಟ್ಟಣ, ತಂಜಾವೂರು. ಮಾರ್ಚಿನಿಂದ ಅಕ್ಟೋಬರಿನವರೆಗೆ, ಸಾವಿರ ಮೈಲಿಗೂ ಜಾಸ್ತಿ. ಹನ್ನೆರಡು ವರ್ಷದ ಚಿಕ್ಕ ಮಗಳು ಚಾರ್ಲೊಟ್ ಕಂಡದ್ದನ್ನೆಲ್ಲ ದಿನಚರಿ ಬರೆದಿಟ್ಟಳು. ಇಂಗ್ಲೆಂಡಿಗೆ ಮರಳಿದ ಮೇಲೆ, 1811ರಲ್ಲಿ, ಎಡ್ವರ್ಡ್ ಈ ಕೋಟೆಯನ್ನು ಸರ್ಕಾರದಿಂದ 1,560 ಪೌಂಡಿಗೆ ಪೂರ್ತಿ ಕೊಂಡುಕೊಂಡ. ಇವತ್ತಿಗೂ ಕೋಟೆ ಪೋವಿಸ್ ಮನೆತನದ ಹೆಸರಿನಲ್ಲೇ ಇದೆ.

ಇದನ್ನೆಲ್ಲ ಕೋಟೆ ಗೋಡೆಯ ಕೆಳಗೆ ಒಂದು ಬೆಂಚಿನಲ್ಲಿ ಕೂತು ಹೇಳಿದೆ. ಹೇಳುವ ಮುಂಚೆ ಹಿಂದೆ ಮುಂದೆ ನೋಡಿದ್ದೆ. ಈ ಊರು ಅವರಿಗೆ ಇಷ್ಟವಾಗಿತ್ತು. ಸುಮ್ಮನೆ ಯಾಕೆ ಮನಸ್ಸು ಕೆಡಿಸುವುದು ಅಂತ. ಆದರೆ ಹೇಳದೆ ಇರುವುದು ಮೋಸ ಅನ್ನಿಸಿತು. ನನಗೆ ಈ ವಿಷಯ ತಿಳಿದ ದಿನ ನಾನೂ ಇದೇ ದಾರಿಯಲ್ಲಿ ಒಬ್ಬಳೇ ನಡೆದಿದ್ದೆ. ಆವತ್ತು ಪ್ರತಿ ಕಲ್ಲೂ ಬೇರೆಯಾಗಿ ಕಂಡಿತ್ತು. ಬರುವುದನ್ನೇ ಬಿಟ್ಟುಬಿಡಬೇಕು ಅಂದುಕೊಂಡಿದ್ದೆ. ಬಿಡಲಾಗಲಿಲ್ಲ. ದಾರಿ ಚೆನ್ನಾಗಿದೆ, ಮಾಡಿಸಿದವಳ ಮನಸ್ಸೂ ಒಳ್ಳೆಯದೇ ಇದ್ದೀತು, ಅವಳ ಅಳಿಯನ ಮನೆಯಲ್ಲಿ ನಮ್ಮ ಊರಿನ ಡೇರೆ ಇದೆ. ಈ ಮೂರೂ ಒಟ್ಟಿಗೆ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡಲು ನನ್ನಿಂದ ಆಗುವುದಿಲ್ಲ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೆಳಗೆ ಮರಗಳ ಸಂದಿಯಲ್ಲಿ ಒಡ್ಡಿನ ನೀರು ಕೇಳಿಸುತ್ತಿತ್ತು.

"ಆವಮ್ಮ ಪಟ್ಟಣಕ್ಕೆ ಬಂದಾಗ ಹೊಳೇಲಿ ನೀರಿತ್ತಾ?"

ಏನು ಹೇಳುವುದು ಅಂತ ನಾನು ಯೋಚಿಸುತ್ತಿದ್ದೆ. ಅವರೇ ಲೆಕ್ಕ ಹಾಕಿದರು. "ಮಾರ್ಚಿಂದ ಅಕ್ಟೋಬರ್ ಅಂದ್ರೆ ಮಧ್ಯೆ ಮುಂಗಾರು. ಕೊಡಗಲ್ಲಿ ಮಳೆ ಹಿಡಿದಿದ್ರೆ ಎರಡೂ ಕವಲು ತುಂಬಿರ್ತದೆ." ಮತ್ತೆ ಸ್ವಲ್ಪ ಬಿಟ್ಟು, "ಆ ಮಗೀಗೆ ಹನ್ನೆರಡೇ ವರ್ಸ ಅಂದ್ಯಲ್ಲ. ತುಂಬಿದ ಹೊಳೆ ನೋಡಿದ್ರೆ ಬರೆದಿರ್ತದೆ ಬುಡು."

ಎದ್ದು ನಡೆದೆವು.

ಮೂರನೇ ಸಲ ಹೋದದ್ದೇ ಗೋಧಿ ಹೊಲದ ದಾರಿ. ಡಿನಮ್ ಸೇತುವೆ ದಾಟಿ, ಬ್ರೆಡ್ ವಾಕ್ ಕಡೆಗೆ ತಿರುಗದೆ, ಬಲಕ್ಕೆ ಹೊಲಗಳ ನಡುವೆ ಬ್ರಾಮ್‌ಫೀಲ್ಡ್ ಹಳ್ಳಿಯ ಕಡೆಗೆ. ಮಧ್ಯೆ ಓಕ್ಲಿ ಪಾರ್ಕ್ ಸಿಗುತ್ತದೆ. ಹೆಸರಿಗೆ ತಕ್ಕ ಹಾಗೆ ಹಳೇ ಹಳೇ ಓಕ್ ಮರಗಳು. ಹೆನ್ರಿಯೆಟ್ಟಾ ಹುಟ್ಟಿದ್ದು ಅಲ್ಲೇ. ಆಮೇಲೆ ಆ ಆಸ್ತಿಯನ್ನು ಕೊಂಡವನು ರಾಬರ್ಟ್ ಕ್ಲೈವ್.

ಇಂಗ್ಲೆಂಡಿನ ಈ ಹಕ್ಕನ್ನು ನಾನು ಹೊಗಳುವಾಗ ಒಂದು ಮಾತು ಸೇರಿಸಲೇಬೇಕು. ಇದನ್ನು ಯಾರೂ ಸುಮ್ನೆ ಕೊಡಲಿಲ್ಲ. 1932ರ ಏಪ್ರಿಲ್ 24ರಂದು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಕಾರ್ಖಾನೆ ಊರುಗಳ ಯುವಕರು ಬೇಕೆಂದೇ ಅತಿಕ್ರಮಣ ಮಾಡಿ ಹತ್ತಿದರು. ಐದು ಜನ ಜೈಲಿಗೆ ಹೋದರು. 1949ರ ಕಾಯ್ದೆ ಬಂದದ್ದು ಅದಾದ ಹದಿನೇಳು ವರ್ಷಕ್ಕೆ. ಇವತ್ತಿಗೂ ದಾರಿ ಬಿಟ್ಟು ಎಲ್ಲಿ ಬೇಕಾದರೂ ಅಡ್ಡಾಡಬಹುದಾದ ನೆಲ ಇಂಗ್ಲೆಂಡಿನಲ್ಲಿ ಸುಮಾರು ನೂರಕ್ಕೆ ಎಂಟರಷ್ಟು ಮಾತ್ರ. ಉಳಿದ ಕಡೆ ಇರುವುದು ಕಾಲಿನಗಲದ ಹಕ್ಕು ಅಷ್ಟೇ. ನಡೆಯುತ್ತಿದ್ದರೆ ಉಳಿಯುತ್ತದೆ.

ಹೊಲದ ಮಧ್ಯೆ ಅಪ್ಪ ಬಗ್ಗಿ ದಾರಿಯ ಮಣ್ಣು ಮುಟ್ಟಿ ನೋಡಿದರು. ಗಟ್ಟಿಯಾಗಿತ್ತು. ಎರಡೂ ಕಡೆ ಪೈರು ಕತ್ತರಿಸಿದ ಹಾಗೆ ಸಮವಾಗಿ ನಿಂತಿತ್ತು.

"ಉತ್ತಾಗ ಏನ್ ಮಾಡ್ತಾನೆ?"

ಉಳಬಹುದು. ಆದರೆ ಉತ್ತು ಬಿತ್ತನೆ ಶುರುಮಾಡಿದ ಮೇಲೆ 14 ದಿನದೊಳಗೆ ದಾರಿಯನ್ನು ಮತ್ತೆ ಮಾಡಿಕೊಡಬೇಕು. ಹೊಲದ ನಡುವೆ ಹೋಗುವ ಕಾಲುದಾರಿಯಾದರೆ ಕನಿಷ್ಠ ಒಂದು ಮೀಟರ್ ಅಗಲ ಇರಬೇಕು. ಪೈರು ಅದನ್ನು ಮುಚ್ಚಬಾರದು. ನಾನು ಇದನ್ನು ಹೇಳಿದಾಗ ಅಪ್ಪ ನಿಂತು, ಬಂದ ದಾರಿಯನ್ನು ಒಮ್ಮೆ ತಿರುಗಿ ನೋಡಿದರು. ಯಾರೋ ಒಬ್ಬ ರೈತ ಗೋಧಿ ಎದ್ದ ಮೇಲೆ ಟ್ರ್ಯಾಕ್ಟರ್ ಇಳಿಸಿಯೋ, ಔಷಧಿ ಹೊಡೆದೋ, ತನಗೆ ಗೊತ್ತೇ ಇಲ್ಲದ ನಮ್ಮಂಥವರಿಗಾಗಿ ಅಷ್ಟು ಅಗಲ ತೆಗೆದಿಟ್ಟಿದ್ದ.

ಹೊಲದ ಆಚೆ ತುದಿಯಲ್ಲಿ ಇನ್ನೊಂದು ಗೇಟು. ಇದು ಬೇರೆ ಥರದ್ದು. ಅರ್ಧಚಂದ್ರದ ಬೇಲಿಯೊಳಗೆ ಆ ಕಡೆ ಈ ಕಡೆ ಆಡುವ ಚಿಕ್ಕ ಬಾಗಿಲು. ಒಳಗೆ ಹೋಗಿ, ಮೂಲೆಗೆ ಸರಿದು, ಬಾಗಿಲು ತಳ್ಳಿ, ಆಚೆ ಬರಬೇಕು. ಮನುಷ್ಯ ಬರುತ್ತಾನೆ, ದನ ಬರಲಾರದು. ಚಿಲಕವೇ ಬೇಡ. ಅಪ್ಪ ಆಚೆ ಹೋದವರು ಮತ್ತೆ ಈಚೆ ಬಂದು, ಮತ್ತೆ ಆಚೆ ಹೋದರು. ಬಾಗಿಲಿನ ಕೀಲನ್ನೆಲ್ಲ ನೋಡಿದರು. ತೂಬಿನ ಗೇಟು ನೋಡುವವರ ಕಣ್ಣು ಅದು. ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಬಂದರು. ಅಪ್ಪ ಅವರಿಗಾಗಿ ಬಾಗಿಲು ಹಿಡಿದು ನಿಂತರು. ಅಜ್ಜಿ ನಕ್ಕು ಏನೋ ಹೇಳಿದರು. ಅಪ್ಪನೂ ಕನ್ನಡದಲ್ಲಿ, "ಬನ್ನಿ, ಬನ್ನಿ," ಅಂದರು.

ಹೊರಡುವ ಮುಂಚೆ ಆ 203ನೇ ಹಾಳೆ ತಮಗೆ ಬೇಕು ಅಂತ ಕೇಳಿ ತೆಗೆದುಕೊಂಡು ಹೋದರು. ಸೂಟ್‌ಕೇಸಿನಲ್ಲಿ ಪಂಚೆಗಳ ಮಧ್ಯೆ ಮಡಚಿಟ್ಟುಕೊಂಡರು. ನಾನು ಇನ್ನೊಂದು ಕೊಂಡುಕೊಂಡೆ.

ಕಳೆದ ವಾರ ಫೋನ್ ಮಾಡಿದ್ದರು. ಊರಿಂದ ಕೆರೆಗೆ ಹೋಗುವ ನಕಾಶೆ ದಾರಿ ಇದೆ. ಎರಡೂ ಕಡೆಯವರು ಒತ್ತಿಕೊಂಡು ಬಂದು, ಉಳಿದದ್ದಕ್ಕೆ ಲಂಟಾನ ಬೆಳೆದು, ದನವೂ ಹೋಗದ ಹಾಗೆ ಆಗಿದೆ. ತಾಲೂಕು ಕಚೇರಿಯಿಂದ ನಕಾಶೆಯ ನಕಲು ತಂದಿದ್ದಾರಂತೆ. ಎರಡೂ ಕಡೆಯ ಹೊಲದವರನ್ನು ಮನೆಗೆ ಕರೆದು ಕಾಫಿ ಕೊಟ್ಟು ಮಾತಾಡಿದ್ದಾರಂತೆ. ಗಾಡಿ ದಾರಿ ಬಿಡಲು ಅವರು ಇನ್ನೂ ಒಪ್ಪಿಲ್ಲ. ಕಾಲುದಾರಿಗಾದರೆ ಆಗಲಿ ಅಂದಿದ್ದಾರೆ.

"ಒಂದು ಮೀಟರ್ ಅಂದ್ರೆ ಎಷ್ಟು ಮೊಳ ಆಯ್ತದವ್ವ?"

"ಎರಡು ಮೊಳ, ಮೇಲೆ ನಾಲ್ಕು ಬೆರಳು."

"ನಾಕ್ ಬೆರಳು," ಅಂದರು. ಆ ಕಡೆ ಕಾಗದ ಸರಿದ ಸದ್ದಾಯಿತು. "ಇರು, ಬರ್ಕತೀನಿ."